ಗಡಸುನೀರು

ದೇವಸುಗೂರು ಕೃಷ್ಣಾ ನದಿಯ ದಡದಲ್ಲಿರುವ, ಸೂಗೂರೇಶ್ವರ ದೇವಾಲಯದಿಂದ ಹೆಸರಾದ ಊರು. ಅದರ ಪಕ್ಕದ ಶಕ್ತಿನಗರದಲ್ಲಿ 1985ರಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಆರಂಭವಾಯಿತು. ಇಂತಹ ಕೇಂದ್ರಗಳಲ್ಲಿ ನದಿಯ ನೀರನ್ನು ನೇರವಾಗಿ ಬಾಯ್ಲರಿಗೆ ಬಿಡುವುದಿಲ್ಲ. ಕರಗಿದ ಲವಣಗಳನ್ನು ಮೊದಲು ತೆಗೆಯುತ್ತಾರೆ. ಇಲ್ಲವಾದರೆ ಕೊಳವೆಗಳ ಒಳಗೆ ಸುಣ್ಣದ ಪದರ ಕಟ್ಟುತ್ತದೆ.

ಭತ್ತದ ಚೀಲ ಹೊರುವ ಪಿಕಪ್ ವಾಹನಕ್ಕೂ ಇದೇ ನಿಯಮ. ರೇಡಿಯೇಟರಿಗೆ ಬೋರಿನ ಗಡಸುನೀರನ್ನೇ ತುಂಬುತ್ತ ಬಂದರೆ ಪದರವು ದಪ್ಪವಾಗಿ, ಶಾಖ ಹೊರಹೋಗದೆ, ಕಡೆಗೆ ಎಂಜಿನ್ನಿನ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಲವಣರಹಿತ ನೀರಿಗೆ ಕೂಲೆಂಟ್ ಬೆರೆಸಿ ಹಾಕುವುದು ಲೇಸು. ಎಂಜಿನ್ ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯಲೇಬಾರದು.

ಮನುಷ್ಯನ ದೇಹವಾದರೋ ಇನ್ನೂ ಸೂಕ್ಷ್ಮ. ರಾಯಚೂರು ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದು ಬಹುಕಾಲ ಕುಡಿದರೆ ಮೂಳೆಗಳೂ ಕೆಡುತ್ತವೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಅಡುಗೆಕಟ್ಟೆಯ ಮೇಲಿಡುವ ಶುದ್ಧೀಕರಣ ಯಂತ್ರಗಳಲ್ಲಿಯೂ ನೇರಳಾತೀತ ದೀಪದ್ದು ಇದಕ್ಕೆ ಸಾಲದು, ಆರ್‌ಒ ಪೊರೆಯುಳ್ಳದ್ದೇ ಬೇಕು. ಪೊರೆಗೂ ಸುಣ್ಣ ಹತ್ತುವುದರಿಂದ ಕಾಲಕಾಲಕ್ಕೆ ಅದನ್ನು ಬದಲಿಸಬೇಕು. ಯಂತ್ರವು ಹೊರಚೆಲ್ಲುವ ನೀರು ನೆಲ ಒರೆಸಲು ಆದೀತು. ರೇಡಿಯೇಟರಿಗೆ ಮಾತ್ರ ಸಲ್ಲದು, ತೆಗೆದ ಲವಣವೆಲ್ಲ ಅದರಲ್ಲಿಯೇ ಇರುತ್ತದೆ.