ನಗರದ ಮಗು ಮತ್ತು ಆರೋಗ್ಯದ ನಡವಳಿಕೆ

ಆರೋಗ್ಯವೆಂದರೆ ರೋಗವಿಲ್ಲದಿರುವುದು ಮಾತ್ರವಲ್ಲ. ದೇಹ, ಮನಸ್ಸು, ಸಮಾಜಜೀವನ ಈ ಮೂರೂ ಸುಸ್ಥಿತಿಯಲ್ಲಿರುವುದೇ ಆರೋಗ್ಯ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರಂಭದಲ್ಲಿಯೇ ಈ ಅರ್ಥವನ್ನು ಎತ್ತಿಹಿಡಿದಿದೆ. ಆದರೆ ಮಕ್ಕಳ ಆರೋಗ್ಯದ ಮಾತು ಬಂದಾಗ ಎತ್ತರ, ತೂಕ, ಹಲ್ಲು, ಕಣ್ಣುಗಳ ತಪಾಸಣೆಗೇ ದೃಷ್ಟಿ ಸೀಮಿತವಾಗುವುದುಂಟು. ಮಗು ಏನನ್ನು ಉಣ್ಣುತ್ತದೆ, ಎಷ್ಟು ಆಡುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ, ಬಾಯಾರಿದಾಗ ನೀರು ಕುಡಿಯುತ್ತದೆಯೇ ಎಂಬ ದಿನನಿತ್ಯದ ನಡವಳಿಕೆಗಳೇ ಆ ಎತ್ತರ ತೂಕಗಳ ಬೇರು. ಆ ಬೇರು ಇಳಿದಿರುವ ನೆಲವಾದರೋ ಮಗುವಿನ ಮನಸ್ಸು ಮತ್ತು ಅದರ ಸುತ್ತಲಿನ ಜನ.

ಸಮತೋಲನ ಆಹಾರವನ್ನು ಕುರಿತ ಪ್ರಶ್ನೆಗೆ ಪೂರ್ಣ ಅಂಕ ಪಡೆದ ವಿದ್ಯಾರ್ಥಿಯೇ ಶಾಲೆ ಬಿಟ್ಟೊಡನೆ ಎದುರಿನ ಅಂಗಡಿಯಲ್ಲಿ ಕರಿದ ಆಲೂಗಡ್ಡೆಯ ಪೊಟ್ಟಣವನ್ನು ಕೊಳ್ಳುವುದು ನಗರದಲ್ಲಿ ನಿತ್ಯದ ನೋಟ. ಇದು ಅಜ್ಞಾನವಲ್ಲ, ಅರಿವು ಬೇರೆ, ಆಚರಣೆ ಬೇರೆ ಎಂಬುದಕ್ಕೆ ನಿದರ್ಶನ. ಭಾರತದಲ್ಲಿ 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು 10ರಿಂದ 19 ವರ್ಷದವರಲ್ಲಿ ಸುಮಾರು ಶೇ. 24ರಷ್ಟು ಮಂದಿ ಕೃಶರೆಂದೂ, ಶೇ. 28ರಷ್ಟು ಮಂದಿ ರಕ್ತಹೀನತೆಯುಳ್ಳವರೆಂದೂ, ಶೇ. 5ರಷ್ಟು ಮಂದಿ ಅತಿತೂಕದವರೆಂದೂ ಕಂಡುಕೊಂಡಿತು. ಕೊರತೆಯೂ ಅತಿರೇಕವೂ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕುಳಿತಿರಬಹುದು. ಇವೆರಡಕ್ಕೂ ಪಾಠವೊಂದೇ ಮದ್ದಾಗಲಾರದು.

ಮಗುವಿನ ಮೊದಲ ವಿದ್ಯೆ ಅನುಕರಣೆ. ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿ 1961ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಸ್ಪಷ್ಟಪಡಿಸಿತು. ಗಾಳಿ ತುಂಬಿದ ಗೊಂಬೆಯೊಂದನ್ನು ದೊಡ್ಡವರು ಹೊಡೆಯುವುದನ್ನು ಕಂಡ ಎಳೆಯರು, ಯಾರೂ ಹೇಳದಿದ್ದರೂ, ಅದೇ ರೀತಿಯಲ್ಲಿ ಹೊಡೆಯತೊಡಗಿದರು. ಹೊಡೆಯುವುದನ್ನು ಹೀಗೆ ಕಲಿಯುವ ಮಗು ಉಣ್ಣುವುದನ್ನೂ ಹೀಗೆಯೇ ಕಲಿಯುತ್ತದೆ. ತಂದೆ ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲನ್ನು ಇರಿಸಿಕೊಂಡು, ‘ಮೊಬೈಲ್ ನೋಡುತ್ತ ಉಣ್ಣಬೇಡ’ ಎಂದು ಮಗನಿಗೆ ಹೇಳಿದರೆ, ಮಗನ ಕಿವಿಗಿಂತ ಕಣ್ಣೇ ಬೇಗ ಪಾಠ ಕಲಿಯುತ್ತದೆ. ತಂದೆತಾಯಿಗಳಿಬ್ಬರೂ ದುಡಿದು ದಣಿದು ಬರುವ ನಗರದ ಮನೆಗಳಲ್ಲಿ ಪ್ರೀತಿಗೆ ಬಿಡುವಿಲ್ಲದಾಗಿ, ತಿಂಡಿಯ ಕಾಸೇ ಪ್ರೀತಿಯ ಗುರುತಾಗುವುದೂ ಉಂಟು. ‘ಪಲ್ಯ ತಿಂದರೆ ಚಾಕೊಲೇಟು’ ಎಂಬ ಆಮಿಷ ಇನ್ನೂ ಸೂಕ್ಷ್ಮವಾದುದು. ಅದರಿಂದ ಪಲ್ಯವು ಶಿಕ್ಷೆಯೆಂದೂ ಚಾಕೊಲೇಟು ಬಹುಮಾನವೆಂದೂ ಮಗುವಿನ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ.

ಮನೆಯ ಹೊಸ್ತಿಲು ದಾಟಿದೊಡನೆ ಓರಗೆಯವರ ಪ್ರಭಾವ ಮೊದಲಾಗುತ್ತದೆ. ಅಮೆರಿಕದ ಲಿಯಾನ್ ಬರ್ಚ್ ಅವರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ತರಕಾರಿಯನ್ನು ಇಷ್ಟಪಡದ ಪುಟ್ಟ ಮಗುವನ್ನು ಅದನ್ನೇ ಮೆಚ್ಚುವ ಮಕ್ಕಳ ಜೊತೆಯಲ್ಲಿ ಕೆಲವು ದಿನ ಊಟಕ್ಕೆ ಕೂರಿಸಲಾಯಿತು. ನಾಲ್ಕನೆಯ ದಿನದ ವೇಳೆಗೆ ಅಂಥ ಮಕ್ಕಳು ತಾವು ಒಲ್ಲದ ತರಕಾರಿಯನ್ನೇ ಆರಿಸಿಕೊಳ್ಳುವುದು ಎದ್ದು ಕಂಡಿತು. ಇದೇ ಶಕ್ತಿ ವಿರುದ್ಧ ದಿಕ್ಕಿನಲ್ಲಿಯೂ ಕೆಲಸ ಮಾಡುತ್ತದೆ. ಪಕ್ಕದವರ ಡಬ್ಬಿಯಲ್ಲಿ ನೂಡಲ್ಸ್ ಇರುವಾಗ ತನ್ನ ಜೋಳದ ರೊಟ್ಟಿಯನ್ನು ಮುಚ್ಚಳದ ಮರೆಯಲ್ಲಿ ಮುರಿದು ತಿನ್ನುವ ಹುಡುಗಿಗೆ ರೊಟ್ಟಿಯ ರುಚಿ ಕೆಟ್ಟಿಲ್ಲ. ನಾಚಿಕೆ ಅಡ್ಡ ಬಂದಿದೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಅಡುಗೆಯನ್ನು ಉಣ್ಣುವ ದಾಸೋಹದ ಪದ್ಧತಿಯಲ್ಲಿ ಇಂಥ ಹೋಲಿಕೆಗೆ ಎಡೆಯೇ ಇಲ್ಲ. ಆ ಪದ್ಧತಿಯಲ್ಲಿ ಸಮತೆಯೊಡನೆ ಆರೋಗ್ಯವೂ ಅಡಗಿದೆ.

ನಗರದಲ್ಲಿ ಮಗುವಿನ ನಾಲಗೆಗೆ ಪಾಠ ಹೇಳುವ ಮತ್ತೊಬ್ಬ ಗುರು ಜಾಹೀರಾತು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 3ರಿಂದ 5 ವರ್ಷದ 63 ಮಕ್ಕಳಿಗೆ ಒಂದೇ ತಿನಿಸನ್ನು ಎರಡು ಬಗೆಯ ಹೊದಿಕೆಗಳಲ್ಲಿ ಕೊಡಲಾಯಿತು. ಪ್ರಸಿದ್ಧ ಕಂಪನಿಯ ಗುರುತಿದ್ದ ಹೊದಿಕೆಯ ತಿನಿಸೇ ಹೆಚ್ಚು ರುಚಿಯೆಂದವರು ಅಧಿಕ. ಕ್ಯಾರೆಟ್ಟೂ ಆ ಕಾಗದದಲ್ಲಿ ಹೆಚ್ಚು ರುಚಿಸಿತು! ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರ ನಿಯಮಗಳ ಮೂಲಕ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಹೆಬ್ಬಾಗಿಲಿನಿಂದ 50 ಮೀಟರಿನೊಳಗೂ ಮಾರಬಾರದೆಂದು ವಿಧಿಸಿದೆ. ನಿಯಮವು ಅಂಗಡಿಯನ್ನು ದೂರವಿಡಬಲ್ಲದು. ಮಗುವಿನ ಆಸೆಯನ್ನು ತಿದ್ದುವ ಕೆಲಸ ಹಿರಿಯರದು.

ಇವೆಲ್ಲಕ್ಕಿಂತ ಮೌನವಾಗಿ ಕೆಡಕು ಮಾಡುವವು ಭಯ ಮತ್ತು ಅವಮಾನ. ಶೌಚಾಲಯ ಹೊಲಸಾಗಿದ್ದರೆ, ಬಾಗಿಲಿಗೆ ಚಿಲಕವಿಲ್ಲದಿದ್ದರೆ, ನಡುವೆ ಎದ್ದು ಹೋಗಲು ಅನುಮತಿ ಕೇಳಿದಾಗ ಗದರಿಕೆಯೇ ಉತ್ತರವಾದರೆ, ಮಗು ಕಂಡುಕೊಳ್ಳುವ ಉಪಾಯ ಒಂದೇ: ನೀರು ಕುಡಿಯದಿರುವುದು. ಪ್ರಾಯಕ್ಕೆ ಬರುವ ಹೆಣ್ಣುಮಕ್ಕಳಿಗೆ ಈ ಕಷ್ಟ ಇಮ್ಮಡಿ. ಮೂತ್ರವನ್ನು ತಡೆಹಿಡಿಯುವ ರೂಢಿಯಿಂದ ಮೂತ್ರನಾಳದ ಸೋಂಕು ತಗಲುವ ಸಂಭವವೂ ಹೆಚ್ಚು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಹೆಸರಾಗಿ ಕರ್ನಾಟಕಕ್ಕೂ ಬಂದ ‘ವಾಟರ್ ಬೆಲ್’ ಎಂಬ ಏರ್ಪಾಡಿನ ಮರ್ಮ ಇಲ್ಲಿದೆ. ಗಂಟೆ ಬಾರಿಸಿದಾಗ ಎಲ್ಲರೂ ಕೂಡಿ ನೀರು ಕುಡಿಯುವುದರಿಂದ ಒಬ್ಬರೇ ಎದ್ದು ನಿಂತು ಕೇಳುವ ಸಂಕೋಚ ಇಲ್ಲವಾಗುತ್ತದೆ. ಆದರೆ ಶುಚಿಯಾದ ಶೌಚಾಲಯವಿಲ್ಲದೆಡೆ ಆ ಗಂಟೆ ಬರಿಯ ಸದ್ದು.

ಆಟದ ವಿಷಯವೂ ಹೀಗೆಯೇ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀದಿಯಲ್ಲಿ ವಾಹನಗಳ ಭಯ, ಬಡಾವಣೆಯಲ್ಲಿ ಬಯಲಿನ ಅಭಾವ, ಸಂಜೆಯಾದರೆ ಮನೆಪಾಠ. ಇವುಗಳ ನಡುವೆ ನಗರದ ಎಷ್ಟೋ ಮಕ್ಕಳಿಗೆ ಉಳಿದಿರುವ ಬಯಲು ಶಾಲೆಯದೊಂದೇ. ಅಲ್ಲಿಯೂ ‘ಡುಮ್ಮ’, ‘ಕಡ್ಡಿ’ ಎಂಬ ಅಡ್ಡಹೆಸರುಗಳು ಕಾದಿದ್ದರೆ ಆಟ ಹೆಚ್ಚು ಬೇಕಾದ ಮಗುವೇ ಮೂಲೆ ಹಿಡಿಯುತ್ತದೆ.

ಹಾಗಾದರೆ ಶಾಲೆ ಮಾಡಬಹುದಾದುದೇನು? ಉಪಾಧ್ಯಾಯರು ಮಕ್ಕಳ ಸಾಲಿನಲ್ಲಿ ಕುಳಿತು ಅದೇ ಊಟವನ್ನು ಮಾಡಲಿ. ಮಗುವಿನ ತೂಕವನ್ನು ಇಡೀ ತರಗತಿಗೆ ಕೇಳುವಂತೆ ಕೂಗಿ ಹೇಳದಿರಲಿ. ಆಟದ ಅವಧಿಯನ್ನು ಗಣಿತಕ್ಕೆ ಎರವಲು ಕೊಡುವುದೂ, ಶಿಕ್ಷೆಯೆಂದು ಕಿತ್ತುಕೊಳ್ಳುವುದೂ ನಿಲ್ಲಲಿ. ಬಹುಮಾನವು ಸಿಹಿಯ ಪೊಟ್ಟಣದ ಬದಲು ಪುಸ್ತಕವೋ ಚೆಂಡೋ ಆಗಲಿ. ಹಳೆಯ ವಿದ್ಯಾರ್ಥಿಗಳು ವಾರ್ಷಿಕೋತ್ಸವದ ವೇದಿಕೆಗೆ ಬರುವಂತೆ ಒಮ್ಮೊಮ್ಮೆ ಆಟದ ಬಯಲಿಗೂ ಬಂದು ಮಕ್ಕಳೊಡನೆ ಆಡಲಿ. ದಾನಿಗಳು ಮತ್ತೊಂದು ಅಂತಸ್ತನ್ನು ಕಟ್ಟಿಸುವ ಮುನ್ನ, ಇರುವ ಶೌಚಾಲಯಕ್ಕೆ ನೀರು, ಚಿಲಕ, ಅದನ್ನು ನಿತ್ಯ ಶುಚಿಗೊಳಿಸುವವರಿಗೆ ತಕ್ಕ ಸಂಬಳ ಇವೆಯೇ ಎಂದು ವಿಚಾರಿಸಲಿ. ಅಂಥ ದಾನಕ್ಕೆ ಶಿಲಾಫಲಕ ಇರಲಾರದು. ಆದರೆ ಅದರ ಫಲ ನೂರಾರು ಮಕ್ಕಳ ದೇಹದಲ್ಲಿ ಉಳಿಯುತ್ತದೆ.

ನುಡಿಯಿಂದ ಮಗುವಿಗೆ ಆರೋಗ್ಯದ ಅರಿವು ಬರಬಹುದು. ಆರೋಗ್ಯದ ಅಭ್ಯಾಸ ಬರುವುದು ಸುತ್ತಲಿನವರ ನಡೆಯಿಂದ. ನಡೆ ನುಡಿಗಳೆರಡೂ ಒಂದಾಗಬೇಕೆಂಬ ಶರಣರ ಆದರ್ಶವು ತರಗತಿಯ ಕೊಠಡಿಗೆಷ್ಟೋ ಊಟದ ಪಡಸಾಲೆಗೂ ಆಟದ ಬಯಲಿಗೂ ಅಷ್ಟೇ ಅನ್ವಯಿಸುತ್ತದೆ.