ಎಷ್ಟು ದೂರದಲ್ಲಿತ್ತು ಆ ತಟ್ಟೆ?

1883ರ ಆಗಸ್ಟ್ 12. ಮೆಕ್ಸಿಕೋದ ಸಕಾಟೆಕಾಸ್ ವೀಕ್ಷಣಾಲಯದಲ್ಲಿ ಹೋಸೆ ಬೊನಿಯಾ ಎಂದಿನಂತೆ ಸೂರ್ಯನ ಕಲೆಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಬೆಳಗುವ ಸೂರ್ಯಬಿಂಬವನ್ನು ಕಪ್ಪು ಚುಕ್ಕೆಯೊಂದು ದಾಟಿಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎರಡು ಗಂಟೆಯಲ್ಲಿ ಅವರು ಎಣಿಸಿದ್ದು 283. ಗಾಜಿನ ಫಲಕಗಳ ಮೇಲೆ ಅವುಗಳ ಫೋಟೋವನ್ನೂ ಹಿಡಿದರು. ‘ಹಾರುವ ತಟ್ಟೆ’ ಎಂಬ ಮಾತು ಪತ್ರಿಕೆಗಳಿಗೆ ಬಂದದ್ದು 1947ರಲ್ಲಿ. ಈ ಫೋಟೋಗಳು ಅದಕ್ಕಿಂತ 64 ವರ್ಷ ಹಿಂದಿನವು.

1886ರಲ್ಲಿ ಫ್ರಾನ್ಸಿನ ‘ಲಾಸ್ಟ್ರೊನೊಮಿ’ ಪತ್ರಿಕೆ ಬೊನಿಯಾ ಅವರ ವರದಿಯನ್ನು ಅಚ್ಚು ಹಾಕಿತು. ಹಕ್ಕಿಯೋ, ಕೀಟವೋ, ಧೂಳೋ ಇದ್ದೀತು ಎಂಬ ಸಂಪಾದಕರ ಟಿಪ್ಪಣಿ ಜೊತೆಗಿತ್ತು. 2011ರಲ್ಲಿ ಮೆಕ್ಸಿಕೋದ ಖಗೋಳಜ್ಞರು ಅದೇ ವರದಿಯನ್ನು ಓದಿ, ಒಡೆದ ಧೂಮಕೇತುವಿನ ಚೂರುಗಳಿರಬಹುದು ಎಂದರು. ಕೀಟವೆಲ್ಲಿ, ಧೂಮಕೇತುವೆಲ್ಲಿ! ಒಂದೇ ಚುಕ್ಕೆಯಲ್ಲಿ ಎರಡಕ್ಕೂ ಜಾಗ ಸಿಕ್ಕಿದ್ದು ಕ್ಯಾಮೆರಾ ಎಂಬ ಯಂತ್ರದ ಸ್ವಭಾವದಿಂದ.

ಮಸೂರಕ್ಕೆ ಕಾಣುವುದು ಕೋನ ಮಾತ್ರ. ಒಂದು ಮೀಟರ್ ರೆಕ್ಕೆಯ ಹಕ್ಕಿ 600 ಮೀಟರ್ ದೂರದಲ್ಲಿದ್ದರೂ, ಹತ್ತು ಮೀಟರಿನ ವಿಮಾನ ಆರು ಕಿಲೋಮೀಟರ್ ದೂರದಲ್ಲಿದ್ದರೂ ಫಿಲ್ಮಿನ ಮೇಲೆ ಅಷ್ಟೇ ಅಗಲದ ಗುರುತು ಬೀಳುತ್ತದೆ. ವೇಗದ ಕತೆಯೂ ಇದೇ. ಗಂಟೆಗೆ 50 ಕಿಲೋಮೀಟರ್ ಹಾರುವ ಹಕ್ಕಿಯನ್ನು ಹತ್ತು ಪಟ್ಟು ದೂರದಲ್ಲಿದೆ ಎಂದುಕೊಂಡರೆ ಅದರ ವೇಗ ಲೆಕ್ಕದಲ್ಲಿ 500 ಆಗಿಬಿಡುತ್ತದೆ. ದೂರ ತಪ್ಪಿದರೆ ಗಾತ್ರವೂ ತಪ್ಪಿತು, ವೇಗವೂ ತಪ್ಪಿತು.

ಬೊನಿಯಾ ಇದನ್ನು ಬಲ್ಲವರು. ಮೆಕ್ಸಿಕೋ ನಗರ ಮತ್ತು ಪ್ವೆಬ್ಲಾದ ವೀಕ್ಷಣಾಲಯಗಳಿಗೆ ತಂತಿ ಕಳಿಸಿ ಕೇಳಿದರು. ಅಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ; ಬೆರಳು ಪಕ್ಕಕ್ಕೆ ಜಿಗಿಯುತ್ತದೆ, ಎದುರಿನ ಗೋಡೆ ಅಷ್ಟಾಗಿ ಅಲುಗದು. ಬೇರೆ ಊರಿನಿಂದ ನೋಡಿದಾಗ ವಸ್ತು ಸೂರ್ಯಬಿಂಬದಿಂದ ಪೂರ್ತಿ ಹೊರಗೆ ಸರಿದಿದೆ ಎಂದರೆ ಅದು ಸೂರ್ಯನಿಗಿಂತ ನಮಗೆ ಬಹಳ ಹತ್ತಿರವಿರಬೇಕು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ತಂತಿ.

ಅಮೆರಿಕ ಸರ್ಕಾರ ಇಂಥ ಚಿತ್ರಗಳ ಬೆನ್ನುಹತ್ತಿದ್ದು ಶೀತಲ ಸಮರದ ದಿನಗಳಲ್ಲಿ. 1952ರ ಜುಲೈ 2ರಂದು ಯೂಟಾ ರಾಜ್ಯದ ಟ್ರೆಮೊಂಟನ್ ಬಳಿ ನೌಕಾಪಡೆಯ ಛಾಯಾಗ್ರಾಹಕರೊಬ್ಬರು ಕಾರು ನಿಲ್ಲಿಸಿ, ಆಕಾಶದಲ್ಲಿ ಸುತ್ತುತ್ತಿದ್ದ ಸುಮಾರು ಹನ್ನೆರಡು ಬಿಳಿ ಚುಕ್ಕೆಗಳನ್ನು 16 ಮಿಲಿಮೀಟರಿನ ಬಣ್ಣದ ಫಿಲ್ಮಿನಲ್ಲಿ ಸೆರೆಹಿಡಿದರು. ನೌಕಾಪಡೆಯ ಪ್ರಯೋಗಾಲಯ ಸುಮಾರು ಸಾವಿರ ಗಂಟೆ ವ್ಯಯಿಸಿ ಚೌಕಟ್ಟು ಚೌಕಟ್ಟನ್ನೂ ಅಳೆಯಿತು. ಇವು ಹಕ್ಕಿಗಳಲ್ಲ, ತಾವೇ ಬೆಳಕು ಸೂಸುವ ವಸ್ತುಗಳು ಎಂದಿತು.

1953ರ ಜನವರಿಯಲ್ಲಿ ಸಿಐಎ ಕರೆಸಿದ ವಿಜ್ಞಾನಿಗಳ ಸಮಿತಿ ಇದನ್ನು ಒಪ್ಪಲಿಲ್ಲ. ಭೌತವಿಜ್ಞಾನಿ ಎಚ್. ಪಿ. ರಾಬರ್ಟ್‌ಸನ್ ಅಧ್ಯಕ್ಷರು, ಮುಂದೆ ನೊಬೆಲ್ ಪಡೆದ ಲೂಯಿಸ್ ಆಲ್ವರೆಜ್ ಒಬ್ಬ ಸದಸ್ಯರು. ಹೊಳಪನ್ನು ಅಳೆದದ್ದು ಮೂಲ ಫಿಲ್ಮಿನ ಮೇಲಲ್ಲ, ನಕಲಿನ ಮೇಲೆ ಎಂದು ಅವರು ಬೊಟ್ಟು ಮಾಡಿದರು. ಬಿಸಿಲಿನಲ್ಲಿ ಹಾರುವ ಕಡಲಕ್ಕಿಗಳ ಫಿಲ್ಮನ್ನೂ ನೋಡಿದರು; ಬಿಳಿ ಹೊಟ್ಟೆಗೆ ಬಿಸಿಲು ಬಿದ್ದಾಗ ಅವೂ ದೀಪದಂತೆ ಹೊಳೆಯುತ್ತವೆ. ಟ್ರೆಮೊಂಟನ್ನಿಗೆ ಗ್ರೇಟ್ ಸಾಲ್ಟ್ ಲೇಕ್ ಹತ್ತಿರ. ಕಡಲಕ್ಕಿಗಳು ಅಲ್ಲಿ ಹಿಂಡುಹಿಂಡಾಗಿವೆ. ಸಮಿತಿಯ ತೀರ್ಮಾನ ಸರಿ ಎಂದೇ ನನ್ನ ಎಣಿಕೆ.

ಸಮಿತಿ ಆಮೇಲೆ ಮಾಡಿದ ಶಿಫಾರಸು ಮಾತ್ರ ನನ್ನನ್ನು ನೋಯಿಸುತ್ತದೆ. ಸಮೂಹ ಮಾಧ್ಯಮಗಳ ಮೂಲಕ ಜನರ ಕುತೂಹಲ ತಗ್ಗಿಸಬೇಕು, ಹಾರುವ ತಟ್ಟೆಗಳ ಹವ್ಯಾಸಿ ಸಂಘಗಳ ಮೇಲೆ ಕಣ್ಣಿಡಬೇಕು ಎಂದಿತು, ವರದಿಯನ್ನು ಗುಟ್ಟಾಗಿಡಲಾಯಿತು. ಕಡಲಕ್ಕಿಯ ಲೆಕ್ಕವನ್ನು ಅಂದೇ ಜನರ ಮುಂದೆ ಹರಡಿದ್ದರೆ ಎಷ್ಟು ಮಂದಿ ಫೋಟೋ ಓದುವುದನ್ನು ಕಲಿಯುತ್ತಿದ್ದರು!

ವಾಯುಪಡೆಯ ಹಣದಲ್ಲಿ ಕೊಲರಾಡೊ ವಿಶ್ವವಿದ್ಯಾಲಯ 1966ರಲ್ಲಿ ಕೈಗೊಂಡ ಅಧ್ಯಯನ ಹಾಗೆ ಗುಟ್ಟಾಗಿ ಉಳಿಯಲಿಲ್ಲ. ಅದರಲ್ಲಿ ಖಗೋಳಜ್ಞ ವಿಲಿಯಂ ಹಾರ್ಟ್‌ಮನ್ ಪರೀಕ್ಷಿಸಿದ ಒಂದು ಪ್ರಕರಣ, 1950ರ ಮೇ 11ರಂದು ಆರೆಗನ್ನಿನ ಮ್ಯಾಕ್‌ಮಿನ್‌ವಿಲ್ ಬಳಿಯ ರೈತನೊಬ್ಬ ಹಿತ್ತಿಲಿನಿಂದ ತೆಗೆದ ಎರಡು ಫೋಟೋ. ತಟ್ಟೆಯಾಕಾರದ ವಸ್ತು ಅವುಗಳಲ್ಲಿ ಸ್ಪಷ್ಟವಾಗಿದೆ.

ಹಾರ್ಟ್‌ಮನ್ ದೂರ ಹುಡುಕಿದ ಬಗೆ ಸೊಗಸಾದದ್ದು. ಬೆಟ್ಟದ ಸಾಲುಗಳಲ್ಲಿ ಹತ್ತಿರದ್ದು ಕಡುವಾಗಿ, ದೂರದ್ದು ತೆಳುವಾಗಿ ಕಾಣುವುದನ್ನು ನೋಡಿದ್ದೀರಲ್ಲ. ನಡುವಿನ ಗಾಳಿ ಬೆಳಕನ್ನು ಚದುರಿಸಿ ನೆರಳಿನ ಕಪ್ಪನ್ನು ಮಾಸಿಸುತ್ತದೆ. ನೆಗೆಟಿವಿನಲ್ಲಿ ತಟ್ಟೆಯ ತಳದ ನೆರಳನ್ನು ಹಿತ್ತಿಲಿನ ತೊಟ್ಟಿಯ ನೆರಳಿನೊಡನೆ ಹೋಲಿಸಿ ಅಳೆದರು. ತಟ್ಟೆಯ ನೆರಳು ಹೆಚ್ಚು ಮಾಸಿತ್ತು. ಲೆಕ್ಕ ಹಾಕಿದರೆ ಅದು ಸುಮಾರು ಒಂದು ಕಿಲೋಮೀಟರಿಗೂ ಆಚೆ! ಅಸಾಧಾರಣ ಹಾರುವ ವಸ್ತು ಎಂಬುದಕ್ಕೆ ಎಲ್ಲ ಅಂಶಗಳೂ ಹೊಂದುವ ಕೆಲವೇ ವರದಿಗಳಲ್ಲಿ ಇದೂ ಒಂದು ಎಂದು ಅವರು ಬರೆದರು. ಮೇಲೆ ತಂತಿ ಹಾದುಹೋಗಿದೆ, ಎರಡೂ ಚಿತ್ರದಲ್ಲಿ ತಟ್ಟೆ ಅದರ ಅಡಿಗೇ ಇದೆ ಎಂಬುದನ್ನೂ ಮುಚ್ಚಿಡಲಿಲ್ಲ.

ವರದಿ ಬಯಲಿಗೆ ಬಂದದ್ದರಿಂದ ಬೇರೆಯವರೂ ಅಳತೆಗಿಳಿದರು. ಮಸೂರಕ್ಕೆ ಕೊಳೆ ಹಿಡಿದಿದ್ದರೂ ಸುತ್ತಲ ಆಕಾಶದ ಬೆಳಕು ತಟ್ಟೆಯ ತಳದ ಮೇಲೆ ಹರಡಿ ನೆರಳು ಮಾಸುತ್ತದೆ. ಆಗ ತಂತಿಗೆ ತೂಗುಬಿಟ್ಟ ಸಣ್ಣ ಮಾದರಿಯೂ ದೂರದ್ದಾಗಿ ತೋರೀತು. ಫೋಟೋ ತೆಗೆದದ್ದು ಸಂಜೆ ಎಂಬ ಹೇಳಿಕೆಗೆ ಗ್ಯಾರೇಜಿನ ಪೂರ್ವಗೋಡೆಯ ನೆರಳುಗಳು ಒಪ್ಪುವುದಿಲ್ಲ, ಬೆಳಗಿನವೆನಿಸುತ್ತವೆ ಎಂಬ ತಕರಾರೂ ಎದ್ದಿತು. ವಾದ ಇನ್ನೂ ನಡೆದಿದೆ. ಎರಡು ಫೋಟೋಗಳ ನಡುವೆ ರೈತ ಕೆಲವು ಹೆಜ್ಜೆ ಸರಿದಿದ್ದ. ಆದರೆ ತಟ್ಟೆಯೂ ಜಾಗ ಬದಲಿಸಿದ್ದರೆ ಆ ಹೆಜ್ಜೆಗಳಿಂದ ದೂರ ತಿಳಿಯದು. ಅದೇ ಕ್ಷಣದಲ್ಲಿ ಪಕ್ಕದ ಹೊಲದಿಂದ ಇನ್ನೊಂದು ಕ್ಯಾಮೆರಾ ಕ್ಲಿಕ್ಕಿಸಿದ್ದರೆ ಸಾಕಿತ್ತು.