ಲೋಟದ ಬುಡ ಯಾಕೆ ಚಪ್ಪಟೆ?

ಸ್ಟೀಲಿನ ಕಾಫಿ ಲೋಟವೊಂದನ್ನು ಮೇಜಿನ ಮೇಲಿಟ್ಟು, ಚಿತ್ರ ಬರೆಯಲು ಹೊಸದಾಗಿ ಕೂತ ಹತ್ತು ಜನರ ಕೈಗೆ ಪೆನ್ಸಿಲ್ ಕೊಡಿ. ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ಲೋಟದ ಬಾಯಿಯನ್ನು ಎರಡೂ ತುದಿ ಚೂಪಾದ ಬಾದಾಮಿಯಂತೆ ಬರೆದು, ಬುಡಕ್ಕೆ ಬಂದಾಗ ಸ್ಕೇಲಿಟ್ಟ ಹಾಗೆ ನೇರ ಗೆರೆ ಎಳೆದುಬಿಡುತ್ತಾರೆ. ತುಸು ಮೇಲಿನಿಂದ ನೋಡುವವರಿಗೆ ಬಾಯಿ ಮೊಟ್ಟೆಯಾಕಾರಕ್ಕೆ ಕಂಡರೆ, ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವ ಬುಡದ ಅಂಚು ಅದಕ್ಕಿಂತ ಹೆಚ್ಚು ಬಾಗಿರಬೇಕು. ಆದರೆ ಲೋಟ ಮೇಜಿನ ಮೇಲೆ ಸಪಾಟಾಗಿ ಕೂತಿದೆ ಎಂಬುದು ತಲೆಗೆ ಗೊತ್ತು. ಕೈ ಕಣ್ಣಿನ ಮಾತು ಬಿಟ್ಟು ತಲೆಯ ಮಾತು ಕೇಳುತ್ತದೆ. ತಮಾಷೆಯೆಂದರೆ, ಬರೆದವರಿಗೆ ಎಷ್ಟು ಹೊತ್ತು ನೋಡಿದರೂ ಏನೋ ಸರಿಯಿಲ್ಲ ಅನಿಸುತ್ತದೆಯೇ ಹೊರತು ಏನೆಂದು ತಿಳಿಯುವುದಿಲ್ಲ. ಪಕ್ಕದವರು ತಮ್ಮ ಹಾಳೆಯಲ್ಲಿ ಅದನ್ನೇ ಮಾಡಿಟ್ಟಿದ್ದರೂ, ಇವರದನ್ನು ನೋಡಿ ಕೇಳುತ್ತಾರೆ: “ಬುಡ ಯಾಕೆ ಚಪ್ಪಟೆ?” ಬೆಂಗಳೂರಿನ ಕಬ್ಬನ್ ಪಾರ್ಕು, ಲಾಲ್‌ಬಾಗುಗಳ ಮರದಡಿ ವಾರಾಂತ್ಯಕ್ಕೆ ಸೇರುವ ಸ್ಕೆಚಿಂಗ್ ಗುಂಪುಗಳು ನಡೆಯುತ್ತಿರುವುದು ಈ ಒಂದು ಪ್ರಶ್ನೆಯ ಬಲದಿಂದ ಎಂದರೆ ಅತಿಶಯವಲ್ಲ.

ಇಂಥ ಗುಂಪುಗಳಿಗೆ ಕಟ್ಟಡವಿಲ್ಲ, ಹಾಜರಿ ಪುಸ್ತಕವಿಲ್ಲ, ಮೇಷ್ಟ್ರೂ ಇಲ್ಲ. ಪದ್ಧತಿಯ ಬೇರು ಅಮೆರಿಕದಲ್ಲಿದೆ: ಅನಿಮೇಷನ್ ಕಲಾವಿದ ಎನ್ರಿಕೊ ಕಾಸರೋಸಾ 2004ರಲ್ಲಿ ‘ಸ್ಕೆಚ್‌ಕ್ರಾಲ್’ ಎಂಬ ದಿನವಿಡೀ ಬರೆಯುವ ಕೂಟ ಶುರುಮಾಡಿದರು, 2007ರಲ್ಲಿ ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ ‘ಅರ್ಬನ್ ಸ್ಕೆಚರ್ಸ್’ ಬಳಗ ಕಟ್ಟಿದರು. ಕಣ್ಣೆದುರಿಗಿದ್ದುದನ್ನೇ, ಸ್ಥಳದಲ್ಲೇ ಕೂತು, ಜೊತೆಯವರೊಂದಿಗೆ ಬರೆಯಬೇಕು ಎನ್ನುವುದು ಆ ಬಳಗದ ಸಂಕಲ್ಪ. ಇತಿಹಾಸ ಇಷ್ಟು ಸಾಕು. ಇಲ್ಲಿ ನೋಡಬೇಕಾದದ್ದು ಕೂಟದ ಕೊನೆಯ ಹದಿನೈದು ನಿಮಿಷ. ಬರೆದದ್ದು ಮುಗಿದಿರಲಿ ಬಿಡಲಿ, ಎಲ್ಲರೂ ತಮ್ಮ ಸ್ಕೆಚ್ ಪುಸ್ತಕ ತೆರೆದು ನೆಲದ ಮೇಲೆ ಸಾಲಾಗಿ ಇಡುತ್ತಾರೆ. ‘ಥ್ರೋಡೌನ್’ ಎಂದು ಇದರ ಹೆಸರು. ಕಬ್ಬನ್ ಪಾರ್ಕಿನ ಅಂಚಿನ ಅಟ್ಟಾರ ಕಚೇರಿಯ ಅದೇ ಕೆಂಪು ಗೋಡೆ, ಅವೇ ಕಂಬಗಳು ಹತ್ತಾರು ರೂಪದಲ್ಲಿ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಒಬ್ಬರು ಕಂಬಗಳನ್ನು ಎಣಿಸಿ ಬರೆಯಹೋಗಿ ಹಾಳೆ ಸಾಲದೆ ಕೊನೆಯ ಮೂರನ್ನು ಕಡ್ಡಿಗಳಾಗಿ ತುರುಕಿರುತ್ತಾರೆ. ಇನ್ನೊಬ್ಬರು ಕಂಬಗಳ ಗೊಡವೆಗೇ ಹೋಗದೆ ನಡುನಡುವಿನ ಕತ್ತಲನ್ನಷ್ಟೇ 6ಬಿ ಪೆನ್ಸಿಲಿನಲ್ಲಿ ತುಂಬಿರುತ್ತಾರೆ. ಬಿಟ್ಟ ಬಿಳಿಯೆಲ್ಲ ತಾನಾಗಿ ಕಂಬವಾಗಿರುತ್ತದೆ. ಎರಡು ಪುಸ್ತಕಗಳು ಅಕ್ಕಪಕ್ಕ ಇದ್ದರೆ ಮೊದಲನೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ.

ಗೆರೆ ಎಳೆಯುವುದು ಕೈಯ ಕಸುಬು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ವೃತ್ತ, ನೇರಗೆರೆ, ಶೇಡಿಂಗ್ ಎಂದು ಪುಟಗಟ್ಟಲೆ ತಿದ್ದಿದರೆ ಕೈ ಪಳಗುತ್ತದೆ, ನಿಜ. ಆದರೆ ಲೋಟದ ಬುಡವನ್ನು ನೂರು ಸಲ ಚಪ್ಪಟೆಯಾಗಿ ಬರೆದರೆ ಪಳಗುವುದು ಆ ತಪ್ಪೇ. ಅಭ್ಯಾಸಕ್ಕೆ ದಿಕ್ಕು ತೋರಿಸಲು ಹೊರಗಿನ ಕಣ್ಣು ಬೇಕು, ಏಕೆಂದರೆ ತನ್ನ ಚಿತ್ರ ನೋಡುವಾಗ ಮನುಷ್ಯ ಬರೆದದ್ದನ್ನು ನೋಡುವುದಿಲ್ಲ, ಬರೆಯಬೇಕೆಂದುಕೊಂಡದ್ದನ್ನು ನೋಡುತ್ತಾನೆ. ಇದನ್ನು ಲಿಯೊನಾರ್ಡೊ ಡ ವಿಂಚಿ ಕಂಡುಕೊಂಡಿದ್ದ. ಚಿತ್ರವನ್ನು ಕನ್ನಡಿಯಲ್ಲಿ ತಿರುವುಮುರುವಾಗಿ ನೋಡಿದರೆ ಅದು ಬೇರೆಯವರ ಕೆಲಸದಂತೆ ಕಂಡು ತಪ್ಪು ಹೊಳೆಯುತ್ತದೆ ಎಂದು ಬರೆದಿಟ್ಟ. ಒಂದೆಡೆ ಕಲಾವಿದ ಏಕಾಂತದಲ್ಲಿರಬೇಕು ಎಂದವನು, ಇನ್ನೊಂದೆಡೆ ರೇಖಾಚಿತ್ರವನ್ನು ಜೊತೆಯವರೊಂದಿಗೆ ಕೂತು ಬರೆಯುವುದೇ ಮೇಲು ಎಂದೂ ಹೇಳಿದ. ಹಿಂದೆ ಬಿದ್ದ ನಾಚಿಕೆ, ಮುಂದಿರುವವರ ಮೇಲಿನ ಒಳ್ಳೆಯ ಹೊಟ್ಟೆಕಿಚ್ಚು ಎರಡೂ ಕಲಿಸುತ್ತವೆ ಎಂಬುದು ಅವನ ಲೆಕ್ಕ. ಕನ್ನಡಿ ಮಾಡುವ ಕೆಲಸವನ್ನೇ ಗೆಳೆಯರು ಮಾಡುತ್ತಾರೆ. ಕನ್ನಡಿಗೆ ಬಾಯಿಲ್ಲ, ಅಷ್ಟೇ.

ಈಜು ಬಾರದವರೆಲ್ಲ ಸೇರಿ ಒಬ್ಬರಿಗೊಬ್ಬರು ಈಜು ಕಲಿಸಿದ ಹಾಗಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪ ಹಗುರವಲ್ಲ. ಬೆಂಗಳೂರಿನಲ್ಲೇ 1919ರಷ್ಟು ಹಿಂದೆ ಅ.ನ. ಸುಬ್ಬರಾಯರು ಕಲಾಮಂದಿರ ತೆರೆದರು, ಮುಂದೆ ಬಾದಾಮಿಯಿಂದ ಬಂದ ಆರ್.ಎಂ. ಹಡಪದ್ ಕೆನ್ ಕಲಾಶಾಲೆ ಕಟ್ಟಿದರು. ಗುರುವಿನ ಕೈಕೆಳಗೆ ಪಳಗಿದವರ ಗೆರೆಯ ಭದ್ರತೆ ಪಾರ್ಕಿನ ಗುಂಪಿನಿಂದ ಬರುವುದು ಕಷ್ಟ. ದೇಹದ ಮೂಳೆ ಮಾಂಸದ ಕಟ್ಟು ಗೊತ್ತಿಲ್ಲದವರು ಭುಜ ಎಲ್ಲಿ ತಪ್ಪಿದೆ ಎಂದು ಬೆರಳಿಡಬಲ್ಲರು, ಹೇಗೆ ಸರಿಪಡಿಸಬೇಕೆಂದು ಹೇಳಲಾರರು. ಗುಂಪಿಗೆ ಗುಂಪೇ ಒಂದು ಚಟಕ್ಕೆ ಬೀಳುವುದೂ ಉಂಟು: ಎಲ್ಲರೂ ದಪ್ಪ ಔಟ್‌ಲೈನ್ ಮೆಚ್ಚಿದರೆ ಎಲ್ಲರ ಮರವೂ ಒಂದೇ ಮರವಾಗುತ್ತದೆ. ಹಾಗಿದ್ದರೂ ತಪ್ಪು ಕಾಣುವುದಕ್ಕೂ ತಿದ್ದಲು ಬರುವುದಕ್ಕೂ ವ್ಯತ್ಯಾಸವಿದೆ. ಹಾಡಲು ಬಾರದವರ ಕಿವಿಗೂ ಅಪಸ್ವರ ತಾಗುತ್ತದೆ. ಇನ್ನು ಗುರುಪೀಠದ ತೀರ್ಪು ಯಾವಾಗಲೂ ಸರಿಯೇ? ಮೈಸೂರಿನ ಆರ್.ಕೆ. ಲಕ್ಷ್ಮಣ್ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುತ್ತಿಲ್ಲ ಎಂಬ ಉತ್ತರ ಬಂತು. ಅದೇ ಲಕ್ಷ್ಮಣ್‌ಗೆ ಬಾಲ್ಯದಲ್ಲಿ ತಾನು ಚಿತ್ರಗಾರ ಅನಿಸಿದ್ದು, ತರಗತಿಯಲ್ಲಿ ಬರೆದ ಅರಳಿ ಎಲೆಯೊಂದನ್ನು ಮೇಷ್ಟ್ರು ಮೆಚ್ಚಿದ್ದರಿಂದ. ಒಂದು ಎಲೆಗೆ ಸಿಕ್ಕ ಹತ್ತಿರದ ನೋಟ ದೂರದ ಸಂಸ್ಥೆಯ ತೀರ್ಪಿಗಿಂತ ಹೆಚ್ಚು ಬಾಳಿತು.

ಟೀಕೆಗೆ ಹೆದರಿ ಹೊಸಬರು ಓಡಿಹೋಗುತ್ತಾರೆ ಎನ್ನುವುದು ಇನ್ನೊಂದು ಅಳುಕು. ಅದಕ್ಕಿಂತ ಹೆಚ್ಚು ಜನರನ್ನು ಹಾಳುಮಾಡುವುದು “ಸೂಪರ್, ಚೆನ್ನಾಗಿದೆ” ಎಂಬ ಬೆನ್ನುತಟ್ಟು. ಫೋನಿನಲ್ಲಿ ಬೀಳುವ ನೂರು ಲೈಕುಗಳಲ್ಲಿ ಒಂದಾದರೂ ಲೋಟದ ಬುಡದ ಬಗ್ಗೆ ಮಾತಾಡಿದ್ದಿಲ್ಲ. ನೆಲದ ಮೇಲಿಟ್ಟ ಪುಸ್ತಕದ ಮುಂದೆ ಕುಕ್ಕರಗಾಲಲ್ಲಿ ಕೂತವರು ಚಿತ್ರಕ್ಕೆ ಬೆರಳಿಟ್ಟು, “ಈ ಕಂಬದ ನೆರಳು ಎಡಕ್ಕೆ, ಆ ಕಂಬದ್ದು ಬಲಕ್ಕೆ ಬಿದ್ದಿದೆಯಲ್ಲ, ಬಿಸಿಲು ಯಾವ ಕಡೆಯಿಂದ ಬಂತು?” ಎಂದರೆ ಅಲ್ಲಿ ಬರೆದವರ ಯೋಗ್ಯತೆಯ ವಿಚಾರವೇ ಬರುವುದಿಲ್ಲ, ಬಿಸಿಲಿನ ವಿಚಾರ ಬರುತ್ತದೆ.

ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಟ್ಟೇ ಬೆಳೆದವರಿಗೆ ಮೂವತ್ತು ನಲವತ್ತರಲ್ಲಿ ಮತ್ತೆ ಪೆನ್ಸಿಲ್ ಹಿಡಿಯುವ ಜಾಗ ಇನ್ನೆಲ್ಲಿದೆ? ಇರುವ ಜಾಗವೂ ಗಟ್ಟಿಯದಲ್ಲ. ಒಂದು ಭಾನುವಾರ ವಾಟ್ಸ್ಯಾಪಿನಲ್ಲಿ ಯಾರೂ ಹೊತ್ತು ಗೊತ್ತುಮಾಡದಿದ್ದರೆ ಗುಂಪು ಅಷ್ಟಕ್ಕೇ ಮುಗಿಯಿತು. ಬೋರ್ಡು ಇಳಿಸುವ ಕೆಲಸವೂ ಇರುವುದಿಲ್ಲ. ಮಳೆಮರದಿಂದ ಮೊದಲ ಹನಿ ಬಿದ್ದಾಗ ಎಲ್ಲರೂ ಪುಸ್ತಕ ಮಡಚಿ ಎದೆಗವಚಿಕೊಂಡು ಓಡುತ್ತಾರೆ. ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಚೌಕಚೌಕವಾಗಿ ಒತ್ತಿದ ಗುರುತಿರುತ್ತದೆ.